ಕಾಮಗಾರಿ ಸಿಮ್ಯುಲೇಶನ್‌ನಲ್ಲಿ ಪ್ರಚೋದಿತ ಕ್ರಿಯೆಗಳ ಅಳವಡಿಕೆ

ಕಟ್ಟಡ ಕಾಮಗಾರಿಯೊಂದನ್ನು ಆರಂಭಿಸುವ ಮೊದಲೇ ಗಣಕಯಂತ್ರದಲ್ಲಿ ನಡೆಸಿ ನೋಡುವ ಪದ್ಧತಿ ಹೊಸದಲ್ಲ. ಅಮೆರಿಕದ ಡೇನಿಯಲ್ ಹಾಲ್ಪಿನ್ ಅವರು 1970ರ ದಶಕದಲ್ಲಿ ರೂಪಿಸಿದ ‘ಸೈಕ್ಲೋನ್’ ಹಾಗೂ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಹೂಲಿಯೋ ಮಾರ್ಟಿನೆಜ್ ಅವರು 1996ರಲ್ಲಿ ಮಂಡಿಸಿದ ‘ಸ್ಟ್ರೋಬೋಸ್ಕೋಪ್’ ಈ ಕ್ಷೇತ್ರದ ಬುನಾದಿ ಕಾರ್ಯಗಳು. ವಾಹನಗಳ ಸರದಿ, ಯಂತ್ರಗಳ ಕೆಲಸದ ಅವಧಿ ಇವುಗಳನ್ನು ಮಾದರಿಯಲ್ಲಿ ಜೋಡಿಸುವುದು ಅಷ್ಟೇನೂ ಕಷ್ಟವಲ್ಲ. ಆದರೆ ಯಂತ್ರ ಕೆಟ್ಟಾಗ ಮೇಲ್ವಿಚಾರಕನು ಏನು ಮಾಡುವನೋ ಅದನ್ನು ಮಾದರಿಯೂ ಮಾಡಬೇಕಾದರೆ, ಇಂತಹ ಸ್ಥಿತಿ ಒದಗಿದರೆ ಇಂತಹ ಕ್ರಮ ಕೈಗೊಳ್ಳಬೇಕೆಂಬ ಆದೇಶವನ್ನು ಅದರಲ್ಲಿ ಬರೆದಿಡಬೇಕಾಗುತ್ತದೆ. ಇದೇ ಪ್ರಚೋದಿತ ಕ್ರಿಯೆ. ರೂಢಿಯ ಮಾತಿನಲ್ಲಿ ಟ್ರಿಗರ್.

ರೆಡಿಮಿಕ್ಸ್ ಕಾಂಕ್ರೀಟ್ ಪೂರೈಕೆಯ ಉದಾಹರಣೆಯನ್ನು ಪರಿಶೀಲಿಸಬಹುದು. ಪ್ಲಾಂಟಿನಲ್ಲಿ 6 ಘನ ಮೀಟರ್ ತುಂಬಲು 8 ನಿಮಿಷ, ನಿವೇಶನಕ್ಕೆ ಪ್ರಯಾಣ 48 ನಿಮಿಷ, ಪಂಪಿಗೆ ಸುರಿಯಲು 12 ನಿಮಿಷ ಎಂದಿಟ್ಟುಕೊಳ್ಳೋಣ. ಪ್ರತಿ 12 ನಿಮಿಷಕ್ಕೊಂದು ಟ್ರಾನ್ಸಿಟ್ ಮಿಕ್ಸರ್ ಹೊರಟರೆ ದಾರಿಯಲ್ಲಿ ಸದಾ ನಾಲ್ಕು ವಾಹನಗಳಿರುತ್ತವೆ. ಪ್ರತಿಯೊಂದು ಲೋಡಿಗೂ ತುಂಬಲಾರಂಭಿಸಿದಂದಿನಿಂದ ಸುರಿದು ಮುಗಿಯುವವರೆಗೆ 68 ನಿಮಿಷ ಬೇಕು. ಭಾರತೀಯ ಮಾನಕ ಐ.ಎಸ್. 4926ರ ಪ್ರಕಾರ ಸಾಮಾನ್ಯವಾಗಿ 2 ಗಂಟೆಯೊಳಗೆ ಕಾಂಕ್ರೀಟನ್ನು ಸುರಿಯಬೇಕು. ಗಟ್ಟಿಯಾಗುವುದನ್ನು ತಡಮಾಡುವ ರಾಸಾಯನಿಕ ಬೆರೆಸಿದ್ದರೆ ಹೆಚ್ಚಿನ ಅವಧಿಗೆ ಅವಕಾಶವುಂಟು.

ಒಂದು ವಾಹನ ಪಂಪಿನ ಬಳಿ ಬಂದು ನಿಂತ ಕ್ಷಣದಲ್ಲೇ ಪಂಪ್ ಕೆಟ್ಟು 60 ನಿಮಿಷ ನಿಂತಿತೆನ್ನೋಣ. ಹೊಸದಾಗಿ ಮಾದರಿ ರಚಿಸುವವರು ಸಾಮಾನ್ಯವಾಗಿ ಬರೆಯುವ ಆದೇಶ ಇದು: ಸರದಿಯಲ್ಲಿ ಮೂರು ಮಿಕ್ಸರ್ ನಿಂತರೆ ರವಾನೆ ನಿಲ್ಲಿಸು, ಸರದಿ ಒಂದಕ್ಕಿಳಿದರೆ ಪುನಃ ಆರಂಭಿಸು. ನೋಡಲು ಸಮಂಜಸವೇ. ಆದರೆ ಮೂರನೆಯ ವಾಹನ ಸರದಿಗೆ ಸೇರುವುದು ಪಂಪ್ ನಿಂತ 36 ನಿಮಿಷಗಳ ಮೇಲೆ. ಅಷ್ಟರಲ್ಲಿ ಪ್ಲಾಂಟಿನಿಂದ ಮತ್ತೆ ಮೂರು ಲೋಡ್ ಹೊರಟಿರುತ್ತದೆ. ಅವೂ ಒಂದು ಗಂಟೆ ತಡವಾಗಿ, 128ನೇ ನಿಮಿಷಕ್ಕೆ ಸುರಿದು ಮುಗಿಯುತ್ತವೆ. 18 ಘನ ಮೀಟರ್ ಕಾಂಕ್ರೀಟ್ ನಿರರ್ಥಕವಾಗಿ ಅಪಾಯಕ್ಕೊಳಗಾಗುತ್ತದೆ. ಸರದಿಯ ಉದ್ದಕ್ಕೆ ಬದಲಾಗಿ ಪಂಪ್ ನಿಂತದ್ದನ್ನೇ ಪ್ರಚೋದಕವಾಗಿಸಿದರೆ ಈ ಮೂರೂ ಲೋಡ್ ಉಳಿಯುತ್ತವೆ. ಆಗಲೇ ಪಂಪಿನ ಬಳಿ ಮತ್ತು ದಾರಿಯಲ್ಲಿದ್ದ ಐದರ ವಿಷಯದಲ್ಲಿ ಯಾವ ಟ್ರಿಗರ್ ಕೂಡ ಏನೂ ಮಾಡಲಾರದು. ಅವುಗಳಿಗೆ ಗುಣಮಟ್ಟದ ಎಂಜಿನಿಯರರ ತೀರ್ಮಾನವೇ ಗತಿ.

ರವಾನೆಯ ಪುನರಾರಂಭಕ್ಕೆ ವಿಧಿಸುವ ಷರತ್ತು ಇನ್ನೂ ಸೂಕ್ಷ್ಮವಾದುದು. ಹೆಚ್ಚಿನ ಮಾದರಿಗಳು ಎಡವುವುದು ಇಲ್ಲಿಯೇ. ಪಂಪ್ ನಿಂತೊಡನೆ ರವಾನೆ ತಡೆದು, ಪುನರಾರಂಭವನ್ನು ಮಾತ್ರ ಸರದಿಗೆ ಬಿಟ್ಟರೆ, ಇರುವ ಐದು ಲೋಡನ್ನೂ ಸುರಿಯಲು ಅನುಮತಿ ದೊರೆತ ಪಕ್ಷದಲ್ಲಿ, ಸರದಿ ಒಂದಕ್ಕಿಳಿಯುವುದು 96ನೇ ನಿಮಿಷಕ್ಕೆ. ಆಗ ತುಂಬಲಾರಂಭಿಸಿದ ವಾಹನ 152ನೇ ನಿಮಿಷಕ್ಕೆ ತಲುಪುತ್ತದೆ. ಪಂಪಾದರೋ 120ಕ್ಕೇ ಬರಿದಾಗಿರುತ್ತದೆ. ಈ 32 ನಿಮಿಷಗಳ ವಿರಾಮವು ಬೇಸಿಗೆಯ ಬಿಸಿಲಿನಲ್ಲಿ ಸ್ಲ್ಯಾಬಿನ ನಡುವೆ ಕೋಲ್ಡ್ ಜಾಯಿಂಟ್ ಉಂಟುಮಾಡಬಲ್ಲದು. ಪಂಪ್ ದುರಸ್ತಿಯಾದ 60ನೇ ನಿಮಿಷಕ್ಕೇ ತುಂಬಲು ಆದೇಶವಿತ್ತರೆ ಮೊದಲ ಮಿಕ್ಸರ್ 116ಕ್ಕೆ ಬಂದು ನಿಲ್ಲುತ್ತದೆ, ಕೆಲಸ ಕಡಿಯುವುದಿಲ್ಲ.

ತಂತ್ರಾಂಶದಲ್ಲಿ ಇದನ್ನು ಅಳವಡಿಸುವಾಗ ಎಚ್ಚರ ವಹಿಸಬೇಕಾದ ಅಂಶಗಳಿವೆ. ‘ಎನಿಲಾಜಿಕ್’ ತಂತ್ರಾಂಶದಲ್ಲಿ ಘಟನೆಯನ್ನು ನಿಗದಿತ ಕಾಲ, ಸಂಭವದರ ಅಥವಾ ಷರತ್ತಿನ ಆಧಾರದಿಂದ ಪ್ರಚೋದಿಸಬಹುದು. ಷರತ್ತಿನ ಘಟನೆಯು ಒಮ್ಮೆ ನಡೆದ ಮೇಲೆ ಷರತ್ತನ್ನು ಮತ್ತೆ ಗಮನಿಸುವುದಿಲ್ಲ. ಎರಡನೆಯ ಸಲ ಪಂಪ್ ಕೆಟ್ಟರೂ ಅದು ಸುಮ್ಮನಿರುತ್ತದೆ. ಆದುದರಿಂದ ಕ್ರಿಯೆಯ ಕೊನೆಯಲ್ಲಿ ‘ರೀಸ್ಟಾರ್ಟ್’ ಆದೇಶ ಅಗತ್ಯ. ಆದರೆ ಷರತ್ತು ಇನ್ನೂ ನಿಜವಾಗಿರುವಾಗಲೇ ಅದನ್ನು ಕೊಟ್ಟರೆ ಘಟನೆಯು ಪುನಃಪುನಃ ನಡೆದು ಗಡಿಯಾರವೇ ಮುಂದೆ ಸಾಗದಂತಾಗಬಹುದು. ಪಂಪ್ ದುರಸ್ತಿಯಾದಾಗ ನಡೆಯುವ ಕ್ರಿಯೆಯಲ್ಲಿ ಅದನ್ನಿರಿಸುವುದು ಕ್ಷೇಮ. ಇದಲ್ಲದೆ, ಬಿಡಿ ಘಟನೆಗಳಿಂದಲೇ ನಡೆಯುವ ಮಾದರಿಯಲ್ಲಿ ಪಂಪಿನ ಸ್ಥಿತಿ ಬದಲಾದ ಕೂಡಲೇ ‘ಆನ್‌ಚೇಂಜ್’ ಕರೆಯನ್ನು ನೀಡದಿದ್ದರೆ ಷರತ್ತಿನ ಪರಿಶೀಲನೆಯೇ ತಡವಾಗಬಹುದು.

ಮಾದರಿಯನ್ನು ಪರೀಕ್ಷಿಸಲು ಪಂಪನ್ನು ಒಂದೇ ದಿನದ ಓಟದಲ್ಲಿ ಎರಡು ಬಾರಿ ಉದ್ದೇಶಪೂರ್ವಕವಾಗಿ ನಿಲ್ಲಿಸಿ, ಪ್ರತಿ ಲೋಡಿನ ವಯಸ್ಸನ್ನೂ ಪಂಪಿನ ಬಿಡುವಿನ ವೇಳೆಯನ್ನೂ ದಾಖಲಿಸಿಕೊಳ್ಳಬೇಕು. ಎರಡನೆಯ ನಿಲುಗಡೆಯಲ್ಲಿಯೂ ರವಾನೆ ತಕ್ಷಣ ನಿಂತಿದೆಯೇ ಎಂಬುದು ಆ ದಾಖಲೆಯಲ್ಲಿ ಮೊದಲು ನೋಡಬೇಕಾದ ಸಾಲು.