ಒಪ್ಪಿಸುವ ವಿದ್ಯೆ, ಒಪ್ಪುವ ಮನಸ್ಸು

ಮಕ್ಕಳೇ, ಮೊದಲ ಸಂಬಳ ಕೈಗೆ ಬರುವ ವಯಸ್ಸಿನಲ್ಲಿ ಎರಡು ಪುಸ್ತಕಗಳನ್ನು ತಪ್ಪದೆ ಓದಿ: ರಾಬರ್ಟ್ ಚಾಲ್ಡೀನಿಯವರ ‘ಇನ್‌ಫ್ಲುಯೆನ್ಸ್’ (1984), ಡೇನಿಯಲ್ ಕಾನೆಮನ್ ಅವರ ‘ಥಿಂಕಿಂಗ್, ಫಾಸ್ಟ್ ಆ್ಯಂಡ್ ಸ್ಲೋ’ (2011). ಒಂದನ್ನು ಓದಿ ಇನ್ನೊಂದನ್ನು ಬಿಟ್ಟರೆ ಅರ್ಧ ವಿದ್ಯೆಯಷ್ಟೇ ದಕ್ಕೀತು.

ಚಾಲ್ಡೀನಿ ಮಾರಾಟಗಾರರ, ಚಂದಾ ಎತ್ತುವವರ ತರಬೇತಿಗಳಿಗೆ ಗುರುತು ಹೇಳದೆ ಸೇರಿ ಅವರ ಪಟ್ಟುಗಳನ್ನು ಕಣ್ಣಾರೆ ಕಂಡವರು. ಉಪಕಾರದ ಋಣ, ಕೊಟ್ಟ ಮಾತಿನ ಹಂಗು, ನಾಲ್ಕು ಜನರ ದಾರಿ, ಇಷ್ಟದವರ ಮಾತು, ಬಲ್ಲವರೆಂಬ ಭರವಸೆ, ಕೈತಪ್ಪೀತೆಂಬ ಆತುರ ಎಂದು ಆರು ಸೂತ್ರ ಹೇಳಿದರು. ಮೊಬೈಲಿನಲ್ಲಿ ‘ಇನ್ನು ಎರಡೇ ಉಳಿದಿವೆ’ ಎಂದು ಕಂಡಾಗ ಆರನೆಯದನ್ನು ನೆನೆಯಿರಿ.

ಕಾನೆಮನ್ ನಮ್ಮ ಒಳಗನ್ನೇ ತೋರಿಸುತ್ತಾರೆ. ಅವರೂ ಏಮೋಸ್ ಟ್ವರ್‌ಸ್ಕಿಯವರೂ 1981ರಲ್ಲಿ ಪ್ರಕಟಿಸಿದ ಪ್ರಯೋಗ ಕೇಳಿ. ಒಂದು ಕಾಯಿಲೆ 600 ಜನರನ್ನು ಬಲಿ ತೆಗೆದುಕೊಳ್ಳಲಿದೆ. ಅದನ್ನು ಎದುರಿಸುವ ಒಂದು ಯೋಜನೆಯಿಂದ ‘200 ಜನ ಉಳಿಯುತ್ತಾರೆ’ ಎಂದಾಗ ಅದನ್ನು ಶೇ 72ರಷ್ಟು ಮಂದಿ ಆರಿಸಿಕೊಂಡರು. ಅದೇ ಯೋಜನೆಯಲ್ಲಿ ‘400 ಜನ ಸಾಯುತ್ತಾರೆ’ ಎಂದು ಬೇರೊಂದು ಗುಂಪಿಗೆ ಹೇಳಿದಾಗ ಆರಿಸಿಕೊಂಡವರು ಶೇ 22ರಷ್ಟು ಮಾತ್ರ. ಲೆಕ್ಕ ಒಂದೇ, ಹೇಳಿದ ರೀತಿ ಬೇರೆ. ಅಲ್ಲಿ ಮೋಸ ಮಾಡುವವರು ಯಾರೂ ಇರಲಿಲ್ಲ, ಜಾರಿದ್ದು ಮನಸ್ಸು.

ಹಾಗೆಂದು ಪುಸ್ತಕದ ಮಾತನ್ನೆಲ್ಲ ಕಣ್ಣುಮುಚ್ಚಿ ನಂಬಬೇಡಿ. ಕಿವಿಗೆ ಬಿದ್ದ ಪದಗಳು ನಮಗರಿಯದೆ ನಡವಳಿಕೆಯನ್ನು ತಿರುಗಿಸುತ್ತವೆ ಎಂಬ ಅಧ್ಯಾಯಕ್ಕೆ ತೀರ ಸಣ್ಣ ಅಧ್ಯಯನಗಳನ್ನು ಅತಿಯಾಗಿ ನಂಬಿದ್ದೆ ಎಂದು ಕಾನೆಮನ್ 2017ರಲ್ಲಿ ತಾವೇ ಒಪ್ಪಿಕೊಂಡರು. ಅರ್ಥಶಾಸ್ತ್ರದ ನೊಬೆಲ್ ಪಡೆದವರೂ ತಮ್ಮ ಮಾತನ್ನು ತಿದ್ದಿಕೊಂಡರು. ಲೇಖಕರ ಹೆಸರು, ಮಾರಾಟವಾದ ಪ್ರತಿಗಳ ಲೆಕ್ಕ ಇವೂ ಚಾಲ್ಡೀನಿಯ ಸೂತ್ರಗಳೊಳಗೇ ಬರುತ್ತವೆ. ಪುರಾವೆ ಎಷ್ಟು ಗಟ್ಟಿ ಎಂದು ಕೇಳುವ ಅಭ್ಯಾಸವಿರಲಿ.

ಓದಿದ್ದನ್ನು ಬಾಳಿಗೆ ತನ್ನಿ. ಸಾಲ, ವಿಮೆ, ಸೈಟು ಯಾವುದೇ ಇರಲಿ, ಸಹಿ ಹಾಕುವ ಮುನ್ನ ಅವರು ಹೇಳಿದ್ದನ್ನು ತಿರುಗಿಸಿ ಬರೆಯಿರಿ. ‘ತಿಂಗಳಿಗೆ ಇಷ್ಟೇ ಕಂತು’ ಎಂದರೆ ಕೊನೆಗೆ ಒಟ್ಟು ಎಷ್ಟು ಕಟ್ಟುತ್ತೀರಿ ಎಂದು ಕೂಡಿ. ಒಂದು ರಾತ್ರಿ ಕಳೆಯಲಿ. ಬೆಳಿಗ್ಗೆಯೂ ಸರಿ ಎನಿಸಿದರೆ ಮುಂದುವರಿಯಿರಿ.

ನಾಳೆ ನೀವೇ ಇನ್ನೊಬ್ಬರನ್ನು ಒಪ್ಪಿಸಬೇಕಾಗಿ ಬಂದೀತು. ಆಗ ನಿಮ್ಮನ್ನು ನೀವೇ ಕೇಳಿಕೊಳ್ಳಿ: ನಾನು ಬಳಸಿದ ಪಟ್ಟು ಯಾವುದೆಂದು ಅವರಿಗೆ ಬಿಚ್ಚಿ ಹೇಳಿದರೂ ಅವರು ಒಪ್ಪುತ್ತಾರೆಯೇ? ಒಪ್ಪುತ್ತಾರೆ ಎನಿಸಿದರೆ ಧೈರ್ಯವಾಗಿ ಹೇಳಿ. ಇಲ್ಲವೆನಿಸಿದರೆ, ಎಷ್ಟೇ ಲಾಭವಿದ್ದರೂ ಆ ಮಾತು ಆಡಬೇಡಿ.