ಶೀಟ್ ಮನೆ ಮತ್ತು ಬಿರುಗಾಳಿ



ಏಪ್ರಿಲ್-ಮೇ ತಿಂಗಳ ಸಂಜೆ ಮೈಸೂರಿಗೆ ಗಾಳಿ, ಗುಡುಗಿನ ಜೊತೆ ಮಳೆ ಬರುವುದು ನಮಗೆಲ್ಲ ಗೊತ್ತೇ ಇದೆ. ಮಂಡಿ ಮೊಹಲ್ಲಾದಂಥ ಒತ್ತೊತ್ತಾದ ಬೀದಿಗಳಲ್ಲಿ ಒಂದು ಶೀಟ್ ಹಾರಿದರೆ ಅಕ್ಕಪಕ್ಕದವರಿಗೂ ಅಪಾಯ.

ಶೀಟ್ ಯಾಕೆ ಹಾರುತ್ತೆ?

ಗಾಳಿ ಸೂರಿನ ಅಡಿಯಿಂದ, ತೆರೆದ ಬಾಗಿಲಿನಿಂದ ನುಗ್ಗಿ ಶೀಟನ್ನು ಮೇಲಕ್ಕೆ ಎತ್ತುತ್ತದೆ. ನಾವು ಮೇಲಿಡುವ ಕಲ್ಲು, ಇಟ್ಟಿಗೆ ಅದನ್ನು ತಡೆಯೋದಿಲ್ಲ. ಅವೇ ಉರುಳಿ ತಲೆ ಮೇಲೆ ಬೀಳುತ್ತವೆ. 1992ರ ಆಗಸ್ಟ್‌ನಲ್ಲಿ ಅಮೆರಿಕದ ಫ್ಲೋರಿಡಾಕ್ಕೆ ಆಂಡ್ರೂ ಚಂಡಮಾರುತ ಬಡಿದಾಗ, ಲಾರಿಯಲ್ಲಿ ಸಾಗಿಸಿ ತಂದು ನಿಲ್ಲಿಸಿದ ಹಗುರ ಮನೆಗಳು ಸಾವಿರಾರು ನಾಶವಾದವು. 1994ರಲ್ಲಿ ಅಲ್ಲಿನ ಸರ್ಕಾರ ಅಂಥ ಮನೆಗಳ ನಿಯಮ ಬಿಗಿ ಮಾಡಿತು. ಹಗುರ ಮನೆಗೆ ಬೇಕಾದ್ದು ಮೇಲಿನ ಭಾರವಲ್ಲ, ಬಿಗಿಯಾದ ಕಟ್ಟು.

ನಾವು ಮಾಡಬೇಕಾದ್ದು

1. ಮಾರ್ಚ್ ಮುಗಿಯುವುದರೊಳಗೆ ಗಾರೆ ಕೆಲಸದವರನ್ನು ಕರೆಸಿ ಶೀಟನ್ನು ಹುಕ್ಕು-ನಟ್ಟಿನಿಂದ ತೊಲೆಗೆ, ತೊಲೆಯನ್ನು ಗೋಡೆಗೆ ಬಿಗಿಸೋಣ. ಅಂಚಿನ ಸಾಲಿಗೆ ಹೆಚ್ಚು ಹುಕ್ಕು ಬೇಕು. ಆಮೇಲೆ ಕಲ್ಲು ಇಳಿಸೋಣ.
2. ಗಾಳಿ ಎದ್ದಾಗ ಶೀಟ್ ಹಿಡಿಯಲು ಯಾರೂ ಹತ್ತಬಾರದು. ಸಿಮೆಂಟ್ ಶೀಟ್ ಕಾಲಿಟ್ಟರೆ ಮುರಿಯುತ್ತದೆ.
3. ಮೋಡ ಕಟ್ಟಿದ ಕೂಡಲೇ ಮಕ್ಕಳು, ವಯಸ್ಸಾದವರನ್ನು ಹತ್ತಿರದ ಆರ್‌ಸಿಸಿ ಮನೆಗೆ ಕರೆದೊಯ್ಯೋಣ. ಸಾಮಾನು ಆಮೇಲೆ, ಜೀವ ಮೊದಲು.
4. ತುಂಡಾದ ಕರೆಂಟ್ ತಂತಿ ಮುಟ್ಟಬಾರದು. 1912ಕ್ಕೆ ಫೋನ್ ಮಾಡಬೇಕು. ಯಾರಿಗಾದರೂ ಪೆಟ್ಟಾದರೆ 112ಕ್ಕೆ.

ಹಾರಿಹೋದ ಸೂರಿಗೆ ಮಾಡುವ ಸಾಲಕ್ಕಿಂತ ಹುಕ್ಕಿಗೆ ಮಾಡುವ ಸಾಲ ಚಿಕ್ಕದು.

ಸಭೆಯಲ್ಲಿ ಚರ್ಚಿಸಿ

• ನಮ್ಮ ಸಂಘದಲ್ಲಿ ಎಷ್ಟು ಮನೆಗಳ ಶೀಟ್ ಬರೀ ಕಲ್ಲಿನ ಮೇಲೆ ನಿಂತಿದೆ?
• ಗಾಳಿ ಬಂದರೆ ಯಾರ ಮನೆಯವರು ಯಾರ ಮನೆಗೆ ಹೋಗಬೇಕು?
• ಹುಕ್ಕಿನ ಖರ್ಚಿಗೆ ಉಳಿತಾಯದ ಹಣದಿಂದ ಯಾರಿಗೆ ಮೊದಲು ಸಾಲ ಕೊಡೋಣ?