ಕಣಕ್ಕೆ ರಾಶಿ: ಹಿನ್ನೀರಿನ ಎಳೆತವಲ್ಲ

ಪ್ರಶ್ನೆ: ನಮ್ಮೂರು ಮಾರಿಕಣಿವೆ ಹಿನ್ನೀರಿನ ಪಕ್ಕ. 2022ರಲ್ಲಿ ಕೋಡಿ ಬಿದ್ದ ಮೇಲೆ ನೀರು ಹೊಲದ ಅಂಚಿಗೇ ಬಂದಿತ್ತು. ಎದೆಮಟ್ಟ ನೀರಿನಲ್ಲಿ ನಡೆದರೆ ಯಾರೋ ಹಿಡಿದೆಳೆದಂತಾಗುತ್ತದೆ. ಜಗತ್ತಿನೆಲ್ಲೆಡೆ ಹಬ್ಬಿರುವ ಹಿಗ್ಸ್ ಕ್ಷೇತ್ರವೂ ಕಣಗಳನ್ನು ಹೀಗೇ ಎಳೆಯುತ್ತದೆ, ಅದೇ ರಾಶಿ ಎಂದು ಒಂದು ವಿಡಿಯೊದಲ್ಲಿ ಹೇಳಿದರು. ಸರಿಯೇ?
– ಪಿಯುಸಿ ವಿದ್ಯಾರ್ಥಿ, ಹಿರಿಯೂರು ತಾಲ್ಲೂಕು

ಉತ್ತರ: ಸರಿಯಲ್ಲ. ಈ ಹೋಲಿಕೆ ಎಷ್ಟು ಹಬ್ಬಿದೆಯೆಂದರೆ ಒಳ್ಳೆಯ ಪುಸ್ತಕಗಳಲ್ಲೂ ನುಸುಳಿಕೊಂಡಿದೆ. (ಕೋಡಿ ಬಿದ್ದ ದಿನಗಳಲ್ಲಿ ನೀರಿಗಿಳಿಯಬೇಡಿ ಮಾರಾಯ್ರೇ, ಅದು ಬೇರೆ ಮಾತು.)

ನೀರು ನಿಮ್ಮ ವೇಗವನ್ನೇ ತಿನ್ನುತ್ತದೆ. ಹೆಜ್ಜೆ ಹಾಕುವುದನ್ನು ಬಿಟ್ಟರೆ ಅಲ್ಲೇ ನಿಲ್ಲುತ್ತೀರಿ. ಹಿಗ್ಸ್ ಕ್ಷೇತ್ರವೂ ಹೀಗೆ ಮಾಡುವಂತಿದ್ದರೆ ಜಗತ್ತಿನ ಎಲೆಕ್ಟ್ರಾನುಗಳೆಲ್ಲ ಬರಬರುತ್ತಾ ನಿಂತುಹೋಗಬೇಕಿತ್ತು, ನ್ಯೂಟನ್ನನ ಮೊದಲ ನಿಯಮ ಅಲ್ಲಿಗೆ ಮುಗಿಯುತ್ತಿತ್ತು. ರಾಶಿ ವೇಗಕ್ಕೆ ಅಡ್ಡ ಬರುವುದಿಲ್ಲ, ವೇಗದ ಬದಲಾವಣೆಗೆ ಅಡ್ಡ ಬರುತ್ತದೆ. ರಾಶಿಯಿಲ್ಲದ ಕಣ ಯಾವಾಗಲೂ ಬೆಳಕಿನ ವೇಗದಲ್ಲೇ ಓಡಬೇಕು, ರಾಶಿಯಿರುವುದು ಸುಮ್ಮನೆ ಕೂರಲೂಬಹುದು. ಇನ್ನೊಂದು ವ್ಯತ್ಯಾಸವಿದೆ. ನೀರಿಗೆ ತನ್ನದೇ ಹರಿವು ಇರುತ್ತದೆ, ನೀವು ಅದಕ್ಕೆ ಎದುರಾಗಿ ಹೋಗುತ್ತಿದ್ದೀರೋ ಜೊತೆಗೋ ಎಂದು ಹೇಳಬಹುದು. ಹಿಗ್ಸ್ ಕ್ಷೇತ್ರದಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ. ಯಾವ ವೇಗದಲ್ಲಿ ಹೋಗುವವರಿಗೂ ಅದರ ಬೆಲೆ ಒಂದೇ.

ಪ್ರಶ್ನೆ: ಹಾಗಾದರೆ "ಸಮ್ಮಿತಿ ಭಂಗ" ಎನ್ನುತ್ತಾರಲ್ಲ, ಏನದು ಭಂಗವಾಗುವುದು? ಅದಕ್ಕೂ ರಾಶಿಗೂ ಏನು ನಂಟು?
– ಪ್ರೌಢಶಾಲಾ ಶಿಕ್ಷಕಿ, ಹೊಸದುರ್ಗ

ಉತ್ತರ: ಕಬ್ಬಿಣದಿಂದ ಶುರುಮಾಡೋಣ, ಈ ವಿಚಾರ ಹುಟ್ಟಿದ್ದೂ ಅಂಥ ವಸ್ತುಗಳ ಅಧ್ಯಯನದಲ್ಲೇ. ಸುಮಾರು 770 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಕಾಯಿಸಿದ ಕಬ್ಬಿಣ ಅಯಸ್ಕಾಂತವಾಗಿ ಉಳಿಯುವುದಿಲ್ಲ. ಒಳಗಿನ ಪರಮಾಣು ಕಾಂತಗಳು ದಿಕ್ಕಾಪಾಲು. ಆರಿದಂತೆ ಅಕ್ಕಪಕ್ಕದವು ಒಂದೇ ದಿಕ್ಕಿಗೆ ತಿರುಗುತ್ತವೆ. ಯಾವ ದಿಕ್ಕು? ನಿಯಮ ಹೇಳುವುದಿಲ್ಲ, ಅದಕ್ಕೆ ಎಲ್ಲ ದಿಕ್ಕೂ ಸಮ, ಇದೇ ಸಮ್ಮಿತಿ. ಆದರೆ ಶಕ್ತಿ ಅತಿ ಕಡಿಮೆ ಇರಬೇಕಾದರೆ ಯಾವುದಾದರೂ ಒಂದನ್ನು ಆರಿಸಲೇಬೇಕು. ನಿಯಮದಲ್ಲಿ ಸಮ್ಮಿತಿ ಹಾಗೇ ಇದೆ, ಕಬ್ಬಿಣದ ಸ್ಥಿತಿಯಲ್ಲಿ ಮರೆಯಾಗಿದೆ. ಯೊಯಿಚಿರೊ ನಂಬು 1960ರ ಸುಮಾರಿಗೆ ಈ ವಿಚಾರವನ್ನು ಅತಿವಾಹಕಗಳಿಂದ ಎತ್ತಿಕೊಂಡು ಕಣಗಳ ಜಗತ್ತಿಗೆ ತಂದರು. ಅವರಿಗೆ ನೊಬೆಲ್ ಬಂದದ್ದು 2008ರಲ್ಲಿ.

ಈಗ ರಾಶಿಯ ತೊಡಕು ನೋಡಿ. ಸೂರ್ಯನ ಒಳಗೆ ಪ್ರೋಟಾನು ನ್ಯೂಟ್ರಾನಾಗುವುದು ದುರ್ಬಲ ಬಲದಿಂದ. ಅದನ್ನು ಹೊತ್ತೊಯ್ಯುವ ಡಬ್ಲ್ಯು ಮತ್ತು ಜೆಡ್ ಕಣಗಳು ಸಿದ್ಧಾಂತದ ಸಮ್ಮಿತಿಯ ಪ್ರಕಾರ ಬೆಳಕಿನ ಕಣ ಫೋಟಾನಿನಂತೆ ರಾಶಿಯಿಲ್ಲದೆ ಇರಬೇಕು. ನಿಜದಲ್ಲಿ ಡಬ್ಲ್ಯು ಕಣ ಪ್ರೋಟಾನಿಗಿಂತ 80 ಪಟ್ಟಿಗೂ ಹೆಚ್ಚು ಭಾರ. ಎಲೆಕ್ಟ್ರಾನಿನದೂ ಪೇಚೇ. ಅದಕ್ಕೆ ಎಡಗೈ, ಬಲಗೈ ಎಂಬ ಎರಡು ರೂಪಗಳಿವೆ, ಡಬ್ಲ್ಯು ಕಣ ಮುಟ್ಟುವುದು ಎಡಗೈಯನ್ನು ಮಾತ್ರ. ರಾಶಿ ಎಂದರೆ ಈ ಎರಡನ್ನು ಬೆಸೆಯುವ ಕೊಂಡಿ. ಆ ಕೊಂಡಿಯನ್ನು ನೇರವಾಗಿ ಸಮೀಕರಣಕ್ಕೆ ಹಾಕಿದರೆ ಸಮ್ಮಿತಿ ಕೆಡುತ್ತದೆ, ಲೆಕ್ಕ ಹಳಿ ತಪ್ಪುತ್ತದೆ.

1964ರಲ್ಲಿ ಬ್ರೌಟ್ ಮತ್ತು ಆಂಗ್ಲೇರ್, ಪೀಟರ್ ಹಿಗ್ಸ್, ಜೊತೆಗೆ ಗುರಾಲ್ನಿಕ್–ಹೇಗನ್–ಕಿಬಲ್ ಮೂವರು ಬೇರೆಬೇರೆಯಾಗಿ ಒಂದೇ ದಾರಿ ಕಂಡುಕೊಂಡರು. ಸಮೀಕರಣದ ಸಮ್ಮಿತಿಗೆ ಕೈಹಚ್ಚಬೇಡಿ. ಎಲ್ಲೆಡೆ ಹಬ್ಬಿದ ಒಂದು ಕ್ಷೇತ್ರವಿದೆ (ಇದೇ ಹಿಗ್ಸ್ ಕ್ಷೇತ್ರ), ಅದು ಸೊನ್ನೆಯಲ್ಲಿರುವುದಕ್ಕಿಂತ ಸೊನ್ನೆಯಲ್ಲದ ಬೆಲೆಯಲ್ಲಿದ್ದರೇ ಶಕ್ತಿ ಕಡಿಮೆ ಎಂದುಕೊಳ್ಳಿ. ಆಗ ಅದು ಕಬ್ಬಿಣದಂತೆ ಒಂದು ಕಡೆಗೆ ವಾಲುತ್ತದೆ. ಆ ವಾಲುವಿಕೆ ನಾವು ಓಡಾಡುವ ಜಾಗದ ದಿಕ್ಕಿನಲ್ಲಲ್ಲ, ಕ್ಷೇತ್ರದ ಒಳಗಿನದೇ ದಿಕ್ಕಿನಲ್ಲಿ. ಮಹಾಸ್ಫೋಟವಾಗಿ ಸೆಕೆಂಡಿನ ಹತ್ತು ಸಾವಿರ ಕೋಟಿಯಲ್ಲೊಂದು ಭಾಗದಷ್ಟು ಹೊತ್ತಿಗೆ ವಿಶ್ವ ತಣಿದಾಗ ಹೀಗಾಯಿತು ಎಂಬುದು ಲೆಕ್ಕಾಚಾರ. 1967ರಲ್ಲಿ ವೈನ್‌ಬರ್ಗ್ ಇದನ್ನು ದುರ್ಬಲ ಬಲಕ್ಕೆ ಹೊಂದಿಸಿದರು, ಅಬ್ದುಸ್ ಸಲಾಂ ಕೂಡ ಅಲ್ಲಿಗೇ ಬಂದರು. ಈ ಕ್ಷೇತ್ರಕ್ಕೆ ನಾಲ್ಕು ಅಂಗ. ಮೂರನ್ನು ಎರಡು ಡಬ್ಲ್ಯುಗಳೂ ಜೆಡ್ಡೂ ನುಂಗಿ ಭಾರವಾದವು. ಫೋಟಾನು ಉಪವಾಸ ಉಳಿಯಿತು. ನುಂಗದೆ ಉಳಿದ ನಾಲ್ಕನೆಯ ಅಂಗದ ಅಲುಗಾಟವೇ ಹಿಗ್ಸ್ ಕಣ. ಎಲೆಕ್ಟ್ರಾನಿನ ಎಡಗೈ–ಬಲಗೈ ಕೊಂಡಿಯೂ ಇದೇ ಕ್ಷೇತ್ರ. ಯಾವ ಕಣಕ್ಕೆ ಅದರೊಂದಿಗೆ ನಂಟು ಗಟ್ಟಿಯೋ ಅದಕ್ಕೆ ರಾಶಿ ಹೆಚ್ಚು. ಟಾಪ್ ಕ್ವಾರ್ಕ್ ಎಂಬ ಕಣದ ನಂಟು ಎಲೆಕ್ಟ್ರಾನಿನದಕ್ಕಿಂತ ಮೂರು ಲಕ್ಷ ಪಟ್ಟಿಗೂ ಹೆಚ್ಚು. ಯಾಕೆ ಅಷ್ಟು ಅಂತರ ಎಂದು ಕೇಳಿದರೆ ಸಿದ್ಧಾಂತ ತುಟಿ ಬಿಚ್ಚುವುದಿಲ್ಲ.

ಪ್ರಶ್ನೆ: ನನ್ನ ಮೈತೂಕವೂ ದೇವಕಣ ಎನ್ನುವ ಈ ಹಿಗ್ಸ್‌ನಿಂದಲೇ ಬಂದದ್ದೇ?
– ಅಡಿಕೆ ಬೆಳೆಗಾರರು, ಹೊಳಲ್ಕೆರೆ

ಉತ್ತರ: ದೇವರನ್ನು ಈ ವ್ಯವಹಾರದಿಂದ ದೂರ ಇಡೋಣ. ನಿಮ್ಮ ತೂಕದಲ್ಲಿ ಹಿಗ್ಸ್‌ ಕ್ಷೇತ್ರದ ಪಾಲು ನೂರಕ್ಕೆ ಒಂದರಷ್ಟು. ಪ್ರೋಟಾನಿನ ಒಳಗಿನ ಮೂರು ಕ್ವಾರ್ಕುಗಳ ರಾಶಿ ಕೂಡಿದರೆ 9 ಎಂಇವಿ (ಕಣಗಳ ರಾಶಿ ಅಳೆಯುವ ಮಾನ) ಸುಮಾರು. ಪ್ರೋಟಾನಿನ ರಾಶಿ 938. ಮಿಕ್ಕದ್ದು ಕ್ವಾರ್ಕುಗಳ ಓಡಾಟದ, ಅವನ್ನು ಹಿಡಿದಿಟ್ಟ ಗ್ಲುಯಾನುಗಳ ಶಕ್ತಿ. ಐನ್‌ಸ್ಟೈನರ ಸೂತ್ರದಂತೆ ಅದೇ ರಾಶಿಯಾಗಿ ತೂಗುತ್ತದೆ. 25 ಕೆಜಿ ಅಕ್ಕಿ ಚೀಲದಲ್ಲಿ ಹಿಗ್ಸ್‌ನದು ಕಾಲು ಕೆಜಿ. ಹಾಗೆಂದು ಆ ಕಾಲು ಕೆಜಿಯನ್ನು ಕಡೆಗಣಿಸುವಂತಿಲ್ಲ. ಎಲೆಕ್ಟ್ರಾನು ಹಗುರಾದಷ್ಟೂ ಪರಮಾಣು ಹಿಗ್ಗುತ್ತದೆ. ಅದರ ರಾಶಿ ಸೊನ್ನೆಯಾದರೆ ಪರಮಾಣುವೇ ಇಲ್ಲ, ಅಡಿಕೆಯೂ ಇಲ್ಲ.

ಪ್ರಶ್ನೆ: ಇದನ್ನೆಲ್ಲ ಕಂಡವರುಂಟೇ? ಕರ್ನಾಟಕದವರು ಏನಾದರೂ ಮಾಡಿದ್ದಾರೆಯೇ?
– ನಿವೃತ್ತ ನೌಕರರು, ಚಿತ್ರದುರ್ಗ

ಉತ್ತರ: ಡಬ್ಲ್ಯು, ಜೆಡ್ 1983ರಲ್ಲಿ ಸಿಕ್ಕವು. ಜಿನೀವಾ ಬಳಿಯ ಸರ್ನ್‌ನಲ್ಲಿ ಅಟ್ಲಾಸ್ ಮತ್ತು ಸಿಎಂಎಸ್ ತಂಡಗಳು ಹಿಗ್ಸ್ ಕಣವನ್ನು ಘೋಷಿಸಿದ್ದು 2012ರ ಜುಲೈ 4ರಂದು. ಅದು ಪ್ರೋಟಾನಿಗಿಂತ ಸುಮಾರು 133 ಪಟ್ಟು ಭಾರ. ಮರುವರ್ಷ ಹಿಗ್ಸ್, ಆಂಗ್ಲೇರ್ ಇಬ್ಬರಿಗೆ ನೊಬೆಲ್ ಬಂತು. ಬ್ರೌಟ್ ಅಷ್ಟರಲ್ಲಿ ತೀರಿಕೊಂಡಿದ್ದರು. ಸಿಎಂಎಸ್‌ನ ಒಂದು ಭಾಗಕ್ಕೆ ಬೇಕಾದ ಸಿಲಿಕಾನ್ ಸಂವೇದಕಗಳು ತಯಾರಾದದ್ದು ಬೆಂಗಳೂರಿನ ಬಿಇಎಲ್‌ನಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ರೋಹಿಣಿ ಗೋಡ್ಬೋಲೆ (2024ರಲ್ಲಿ ತೀರಿಕೊಂಡರು) ಹಿಗ್ಸ್ ಕಣದ ಗುಣಗಳನ್ನು ಪ್ರಯೋಗದಲ್ಲಿ ಹೇಗೆ ಗುರುತಿಸಬೇಕೆಂಬುದರ ಮೇಲೆ ವರ್ಷಗಟ್ಟಲೆ ದುಡಿದವರು.

ನನಗೆ ಹೆಚ್ಚು ಹೆಮ್ಮೆ ಕೋಲಾರದ ಚಿನ್ನದ ಗಣಿಯ ಬಗ್ಗೆ. ನಂಜನಗೂಡಿನ ಬಿ.ವಿ. ಶ್ರೀಕಂಠನ್ ಮೊದಲಾದವರು ವಿಶ್ವಕಿರಣ ಅಳೆಯಲು ಅಲ್ಲಿ ಇಳಿದಿದ್ದರು. 1965ರಲ್ಲಿ ಎರಡು ಕಿಲೋಮೀಟರಿಗೂ ಆಳದಲ್ಲಿ ವಾಯುಮಂಡಲದ ನ್ಯೂಟ್ರಿನೊ ಎಂಬ ಕಣಗಳ ಗುರುತು ಸಿಕ್ಕಿತು. ಮಜಾ ಎಂದರೆ, ಆಗ ರಾಶಿಯೇ ಇಲ್ಲವೆಂದುಕೊಂಡಿದ್ದ ನ್ಯೂಟ್ರಿನೊಗೂ ರಾಶಿಯಿದೆಯೆಂದು 1998ರಲ್ಲಿ ಜಪಾನಿನ ಪ್ರಯೋಗ ತೋರಿಸಿತು. ಅದು ಎಲೆಕ್ಟ್ರಾನಿಗಿಂತ ಲಕ್ಷಗಟ್ಟಲೆ ಪಟ್ಟು ಹಗುರ. ಅದಕ್ಕೂ ಹಿಗ್ಸ್ ಕ್ಷೇತ್ರವೇ ನೇರ ಕಾರಣವೋ, ಬೇರೆ ದಾರಿಯಿದೆಯೋ ಎಂಬ ವ್ಯಾಜ್ಯ ಇನ್ನೂ ನಡೆಯುತ್ತಿದೆ.